ಹೆಂಗಸಿಗೆ ಎಡಗೈ

ಚಿಕ್ಕವೆಂಕಟಪ್ಪನವರ ಮನೆಯಲ್ಲಿ ಹುಳ ಮೂರನೇ ಜ್ವರದಿಂದ ಎದ್ದ ದಿನವೇ ಸೊಸೆ ಸುಬ್ಬಲಕ್ಷ್ಮಿಯ ಕೈಯಿಂದ ತಟ್ಟೆ ಜಾರಿಬಿತ್ತು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತುಬಿಡುತ್ತದೆ. ಶಿಡ್ಲಘಟ್ಟದ ಕಡೆ ಅದನ್ನೇ ಜ್ವರ ಅನ್ನುವುದು. ಎದ್ದ ಮೇಲೆ ಅದರ ಹಸಿವು ಹೇಳತೀರದು. ಅಂಥ ಹಸಿದ ಹುಳ ಒಂದು ತಟ್ಟೆ ತುಂಬ ನೆಲದ ಪಾಲಾಯಿತು. ಮಾವ ಓಡಿಬಂದರು, ಮಾವನ ತಂಗಿ ಆಂಜಿನಮ್ಮ ಓಡಿಬಂದಳು, ಇಬ್ಬರೂ ಮಂಡಿಯೂರಿ ಹುಳ ಆಯತೊಡಗಿದರು. ಗೋಡೆಗೆ ಒರಗಿ ಕುಸಿದು ಕೂತಿದ್ದ ಹುಡುಗಿಯ ಕಡೆ ತಿರುಗಿ ನೋಡಿದವಳು ಅತ್ತೆ ನಾರಾಯಣಮ್ಮ ಒಬ್ಬಳೇ.

"ಏನಾಯ್ತಮ್ಮ ಲಕ್ಷ್ಮಿ?"

"ಎಡಗೈ ಸೋತೋಯ್ತು ಅತ್ತೆ. ಸೊಪ್ಪು ಹೆಚ್ತಾ ಹೆಚ್ತಾನೇ ಜೋಮು ಹಿಡೀತದೆ. ತಲೆ ಬೇರೆ ಸುತ್ತುತ್ತೆ."

"ಗುಂಡುಕಲ್ಲಿನಂಗವ್ಳೆ, ಕೈ ಸೋತೋಯ್ತಂತೆ!" ಎಂದಳು ಆಂಜಿನಮ್ಮ, ಬಗ್ಗಿದ ತಲೆ ಎತ್ತದೆ.

ಗುಂಡುಕಲ್ಲು ಎಂಬುದು ಹಸಿ ಸುಳ್ಳು. ಎರಡು ತಿಂಗಳಿಂದ ಹುಡುಗಿ ಇಳಿದುಹೋಗಿದ್ದಳು. ಸಂಜೆಯಾದರೆ ಮೈ ಬಿಸಿ, ಅನ್ನ ಬೇಡ, ಮುದ್ದೆ ಬೇಡ. ಇದೆಲ್ಲ ನಾರಾಯಣಮ್ಮನ ಕಣ್ಣಿಗೆ ಬಿದ್ದಿತ್ತು. ಬೀಳದೆ ಏನು? ಸುಬ್ಬಲಕ್ಷ್ಮಿ ಅವಳಿಗೆ ಬರೀ ಸೊಸೆಯಲ್ಲ, ತೊಂಡೇಬಾವಿಯಲ್ಲಿರುವ ತಮ್ಮ ಮುನಿಶಾಮಪ್ಪನ ಮಗಳು. ನಾಲ್ಕು ವರ್ಷದ ಕೆಳಗೆ ತಾನೇ ಹೋಗಿ, ತಾನೇ ಕೇಳಿ, ತನ್ನ ಮಗ ವೆಂಕಟರವಣಪ್ಪನಿಗೆ ತಂದುಕೊಂಡ ಹೆಣ್ಣು. ಮಕ್ಕಳಾಗಿಲ್ಲ ಎಂಬ ಮಾತು ಆಗಲೇ ಮನೆಯಲ್ಲಿ ಓಡಾಡುತ್ತಿತ್ತು. ಈಗ ಕಾಯಿಲೆಯೂ ಸೇರಿದರೆ ಏನಾಗುತ್ತದೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡೋಗಿ ಡಾಕ್ಟ್ರಿಗೆ ತೋರ್ಸಣ" ಎಂದಳು ಗಂಡನಿಗೆ.

"ನಲ್ಲಪ್ಪ ಪಂಡಿತ್ರು ಇರೋವಾಗ ಡಾಕ್ಟ್ರು ಯಾತಕ್ಕೆ? ನಮ್ಮಪ್ಪನ ನಾಡಿ ಹಿಡಿದು ಹೋಗೋ ದಿವಸ ಹೇಳಿದೋರು ಅವರು" ಎಂದರು ಚಿಕ್ಕವೆಂಕಟಪ್ಪ.

ಪಂಡಿತರು ಬಂದು ಜಗಲಿಯ ಮೇಲೆ ಚಾಪೆಯಲ್ಲಿ ಕೂತರು. ಆಂಧ್ರದ ಗಡಿಯ ಕಡೆಯವರು, ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಗಂಡಸಿಗೆ ಬಲಗೈ, ಹೆಂಗಸಿಗೆ ಎಡಗೈ ನೋಡುವುದು ಅವರ ಪದ್ಧತಿ. ಸುಬ್ಬಲಕ್ಷ್ಮಿ ಸೆರಗು ಹೊದ್ದು ಎಡಗೈ ಚಾಚಿದಳು. ಪಂಡಿತರು ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ಬೆರಳು ಸರಿಸಿದರು. ಒತ್ತಿದರು. ಕಣ್ಣು ಬಿಟ್ಟು ಹುಡುಗಿಯ ಮುಖ ನೋಡಿದರು. ಆಮೇಲೆ ಕೈಯನ್ನು ಕೆಂಡದ ಹಾಗೆ ಬಿಟ್ಟುಬಿಟ್ಟರು.

"ಲೇದು" ಎಂದರು. "ಚಿಕ್ಕವೆಂಕಟಪ್ಪ, ನಾಡಿ ಲೇದು."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಜೀವ ಇರೋ ಕೈಯಲ್ಲ ಇದು. ಮುಂದಿನ ದೀಪಾವಳಿ ನೋಡೋದು ಕಷ್ಟ."

ಹುಡುಗಿ ಎದುರಿಗೇ ಕೂತಿದ್ದಳು. ಉಸಿರಾಡುತ್ತ, ಕಣ್ಣು ಪಿಳಿಪಿಳಿ ಬಿಡುತ್ತ ಕೂತಿದ್ದಳು. ಬದುಕಿರುವವಳ ಮುಂದೆ ಕೂತು ಅವಳ ಸಾವಿನ ಮಾತಾಡಲು ಆ ಮನುಷ್ಯನಿಗೆ ನಾಲಿಗೆ ಹೇಗಾದರೂ ಬಂತೋ! ಹೋಗುವಾಗ ಕಾಫಿ ಕುಡಿದು, ವೀಳ್ಯ ಹಾಕಿಕೊಂಡು ಹೋದರು.

ಅವತ್ತಿನಿಂದ ಸುಬ್ಬಲಕ್ಷ್ಮಿಗೆ ಹುಳದ ಮನೆ ಬಂದ್ ಆಯಿತು. ಸೊಪ್ಪು ಮುಟ್ಟಬಾರದು, ತಟ್ಟೆ ಮುಟ್ಟಬಾರದು. ಮುದ್ದೆ ಕಟ್ಟಬಾರದು. ಮುದ್ದೆ ಕಟ್ಟಲು ಎರಡು ಕೈಯೂ ಬೇಕಲ್ಲ, ಸತ್ತ ಕೈ ಸೋಕಿದ ಮುದ್ದೆ ಉಣ್ಣುವುದು ಹೇಗೆ ಎಂದು ಆಂಜಿನಮ್ಮನ ಪ್ರಶ್ನೆ. ಹಾಗೆಂದು ಮುದ್ದೆ ಕಟ್ಟಲು ಅವಳೇನು ಬರಲಿಲ್ಲ. ನಾರಾಯಣಮ್ಮನೇ ಬಿಸಿ ಹಿಟ್ಟಿಗೆ ಕೈಯಿಟ್ಟು, ಬೆರಳು ಊದುತ್ತ ಎಲ್ಲರಿಗೂ ಕಟ್ಟಿ ಬಡಿಸಿದಳು.

ವೆಂಕಟರವಣಪ್ಪ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಹೃದಯದ ಚಿತ್ರ ಬೋರ್ಡಿನ ಮೇಲೆ ಬರೆದು, ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದವನು. ಮನೆಗೆ ಬಂದರೆ ತಲೆ ತಗ್ಗಿಸಿ ಉಂಡು, ಜಗಲಿಯ ಮೇಲೆ ಹಾಸಿಗೆ ಬಿಡಿಸಿಕೊಂಡು ಮಲಗುತ್ತಿದ್ದ.

"ಏನೋ, ಹೆಂಡ್ತಿನ ಒಂದು ಮಾತು ಹೆಂಗಿದೀಯ ಅಂತ ಕೇಳಿದ್ಯಾ?" ಎಂದಳು ತಾಯಿ.

"ಅಪ್ಪ ಏನೋ ಯೋಚನೆ ಮಾಡ್ತಾವ್ರೆ, ಸುಮ್ನಿರಮ್ಮ."

"ತಾಳಿ ಕಟ್ಟಿದ್ದು ನಿಮ್ಮಪ್ಪ ಅಲ್ಲ ಕಣೋ!"

ಇಷ್ಟರಲ್ಲಿ ಎರಡು ದಿನ ಜಡಿಮಳೆ ಹಿಡಿಯಿತು. ಹಸಿ ಸೊಪ್ಪು ಆರಿಸದೆ ಹಾಕಬಾರದೆಂದು ಹುಳ ಸಾಕಿದವರಿಗೆಲ್ಲ ಗೊತ್ತು. ಆದರೂ ಕೂಲಿಯವರು ಹೊರಟುಹೋಗುತ್ತಾರೆಂಬ ಆತುರಕ್ಕೆ ಚಿಕ್ಕವೆಂಕಟಪ್ಪನವರು ನೆಂದ ಸೊಪ್ಪನ್ನೇ ಹಾಕಿಸಿದರು. ವಾರ ಕಳೆಯುವುದರಲ್ಲಿ ತಟ್ಟೆತಟ್ಟೆಯಲ್ಲೂ ಹುಳ ಊದಿಕೊಂಡು, ಒಡೆದು, ಹಾಲಿನಂಥ ರಸ ಸುರಿಸತೊಡಗಿತು. ಇಡೀ ಬೆಳೆಯನ್ನು ತಿಪ್ಪೆಗೆ ಹೊತ್ತು ಹಾಕಿದರು.

"ನೋಡಿದ್ಯಾ ಅಣ್ಣ?" ಎಂದಳು ಆಂಜಿನಮ್ಮ. "ಸತ್ತ ಕೈಲಿ ಮೇವು ಹಾಕಿದ್ದು!"

ನಾರಾಯಣಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ನೆಂದ ಸೊಪ್ಪು ಹಾಕಿಸಿದ ಕೈ ಯಾವ್ದು ಅಂತ ನಿಮ್ಮಣ್ಣನ್ನ ಕೇಳು. ಆ ಕೈಲಿ ನಾಡಿ ಚೆನ್ನಾಗೇ ಹೊಡ್ಕೋತೈತೆ!"

"ನಾಲಿಗೆ ಬಿಗಿ ಹಿಡಿಯೇ" ಎಂದರು ಚಿಕ್ಕವೆಂಕಟಪ್ಪ. "ನಿಮ್ಮ ತೌರಿನ ರಕ್ತ ತಂದು ನಮ್ಮನೆಗೆ ಹಾಕ್ದೆ. ಇನ್ನೂ ಮಾತಾಡ್ತೀಯ."

ತೌರಿನ ರಕ್ತ! ಮೂವತ್ತು ವರ್ಷ ಆ ಮನೆಯ ಒಲೆ ಉರಿಸಿದ್ದು, ಹುಳ ಸಾಕಿದ್ದು, ಹೆತ್ತದ್ದು ಯಾವ ರಕ್ತ? ನಾರಾಯಣಮ್ಮ ಅದನ್ನು ಬಾಯಿಬಿಟ್ಟು ಕೇಳಿದ್ದರೆ ಅವತ್ತೇ ಮನೆ ಎರಡಾಗುತ್ತಿತ್ತು.

ಆಂಜಿನಮ್ಮ ಹುಡುಗಿಯನ್ನು ಚಿಂತಾಮಣಿ ಬಸ್ಸಿನಲ್ಲಿ ಮುರುಗಮಲ್ಲದ ದರ್ಗಾಕ್ಕೂ ಕರೆದುಕೊಂಡು ಹೋಗಿ ಬಂದಳು. ಅಲ್ಲಿಯ ಸಾಬರು ನವಿಲುಗರಿ ಆಡಿಸಿ, ದಾರ ಕಟ್ಟಿ, "ಬೇಟಿಗೆ ಚೆನ್ನಾಗಿ ಊಟ ಹಾಕಿ, ಆಸ್ಪತ್ರೆಗೆ ತೋರಿಸಿ" ಎಂದರಂತೆ. ದಾರದ ವಿಷಯ ಮಾತ್ರ ಆಂಜಿನಮ್ಮ ಮನೆಗೆ ಬಂದು ಹೇಳಿದಳು. ಊಟದ ಮಾತು, ಆಸ್ಪತ್ರೆಯ ಮಾತು ಸುಬ್ಬಲಕ್ಷ್ಮಿಯ ಬಾಯಿಂದ ನಾರಾಯಣಮ್ಮನಿಗೆ ತಿಳಿಯಿತು.

ಮುಂದಿನ ಬೆಳೆಯ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದ ಒಂದು ಶನಿವಾರ ನಾರಾಯಣಮ್ಮ ಸೊಸೆಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. ಬಚ್ಚಲ ಹಬೆಗೆ ಹುಡುಗಿಗೆ ತಲೆ ಸುತ್ತಿತು. ಬೀಳದ ಹಾಗೆ ಅತ್ತೆ ಅವಳ ಬಲಗೈಯ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ಹಿಡಿದ ಹೆಬ್ಬೆರಳಿನ ಕೆಳಗೆ ಏನೋ ಟಕಟಕ ಹೊಡೆದುಕೊಂಡಿತು. ನಾರಾಯಣಮ್ಮ ಎಡಗೈ ಹಿಡಿದು ನೋಡಿದಳು. ಇಲ್ಲ. ಮತ್ತೆ ಬಲಗೈ. ಹೊಡೆದುಕೊಳ್ಳುತ್ತಿದೆ, ಮಗ್ಗದ ಲಾಳಿಯ ಹಾಗೆ ಬಿಡುವಿಲ್ಲದೆ.

"ಅಯ್ಯೋ ನನ್ನ ಕಂದ! ಈ ಕೈ ಯಾರೂ ನೋಡ್ಲೇ ಇಲ್ಲವಲ್ಲೇ!"

ತಲೆ ಒರೆಸುವಷ್ಟೂ ತಾಳ್ಮೆಯಿಲ್ಲದೆ, ಒದ್ದೆ ಕೂದಲಿಗೆ ಟವೆಲು ಸುತ್ತಿ, ಸೊಸೆಯನ್ನು ಎಳೆದುಕೊಂಡು ಪೇಟೆಯಲ್ಲಿದ್ದ ಪಂಡಿತರ ಮನೆಗೆ ಹೋದಳು.

"ಪಂಡಿತ್ರೇ, ಬಲಗೈ ನೋಡಿ."

"ಹೆಂಗಸಿಗೆ ಎಡಗೈ ಅಮ್ಮ."

"ಎಡಗೈಲಿ ಇಲ್ಲ ಅಂತ ನೀವೇ ಅಂದ್ರಲ್ಲ. ಬಲಗೈಲಿ ಐತೆ. ಒಂದು ಸಲ ಮುಟ್ಟಿ."

"ಬಲಗೈ ನೋಡೋದು ಶಾಸ್ತ್ರದಲ್ಲಿ ಇಲ್ಲ. ಇಲ್ಲದ್ದನ್ನ ನೋಡಿ ನಾನೇನು ಹೇಳ್ಲಿ?"

"ಹಂಗಾದ್ರೆ ಬಲಗೈಲಿ ಇರೋ ಜೀವ ಶಾಸ್ತ್ರಕ್ಕೆ ಸೇರಲ್ವಾ? ಎದುರಿಗೆ ನಿಂತವ್ಳೆ, ನೋಡಿ! ನಿಮ್ಮ ಮಾತು ಸುಳ್ಳಾಗ್ತದೆ ಅಂತ ಹುಡುಗಿನ ಸಾಯಿಸ್ತೀರಾ?"

ಪಂಡಿತರು ಎದ್ದು ಒಳಗೆ ಹೋದರು. ಒಳಗಿನಿಂದಲೇ ಆಳನ್ನು ಕಳಿಸಿ ಬಾಗಿಲು ಹಾಕಿಸಿದರು. ಬರೀ ಬೆರಳಿಟ್ಟು ನೋಡುವುದಕ್ಕೆ ಅಷ್ಟು ಭಯ!

ಆ ಸುದ್ದಿ ಅವರಿಬ್ಬರಿಗಿಂತ ಮೊದಲೇ ಮನೆ ಮುಟ್ಟಿತ್ತು. ಸಂಜೆ ಚಿಕ್ಕವೆಂಕಟಪ್ಪನವರು ದಾಯಾದಿಗಳಿಬ್ಬರನ್ನು ಕೂರಿಸಿಕೊಂಡು ನ್ಯಾಯ ಶುರು ಮಾಡಿದರು. ವಿಷಯ ಸುತ್ತಿ ಬಳಸಿ ಬಂದು ಒಂದೇ ಕಡೆ ನಿಂತಿತು. ಹುಡುಗಿಯನ್ನು ತೌರಿಗೆ ಕಳಿಸುವುದು. ಮಗನದು ಸರ್ಕಾರಿ ನೌಕರಿ, ಹೆಂಡತಿ ಇರುವಾಗ ಇನ್ನೊಂದು ಮದುವೆ ಮಾಡಿಕೊಂಡರೆ ಕೆಲಸಕ್ಕೆ ಕುತ್ತು. ಅದಕ್ಕೆ ಅವಳೇ ಬಿಟ್ಟುಹೋದಳು ಅನ್ನಿಸಬೇಕು. ಸ್ವಲ್ಪ ದಿನ ಕಾದರೆ ಪಂಡಿತರು ಹೇಳಿದ ದೀಪಾವಳಿ ಹೇಗೂ ಬರುತ್ತದೆ. ಇಷ್ಟನ್ನೂ ಊರಿನ ಕೆರೆ ವಿಷಯ ಮಾತಾಡುವ ಹಾಗೆ ತಣ್ಣಗೆ ಮಾತಾಡಿದರು.

ನಾರಾಯಣಮ್ಮ ಸೊಸೆಯ ತೋಳು ಹಿಡಿದು ನಡುಮನೆಗೆ ಬಂದಳು.

"ರವಣಾ, ಬಾರೋ ಇಲ್ಲಿ. ಬೇರೆ ಗಂಡಸರು ಮುಟ್ಟೋದು ಬೇಡ. ನೀನು ಮುಟ್ಟಿ ನೋಡು, ಬಲಗೈ."

ಸುಬ್ಬಲಕ್ಷ್ಮಿ ಕೈ ಚಾಚಿದಳು. ವೆಂಕಟರವಣಪ್ಪ ಅರ್ಧ ಎದ್ದ. ತಂದೆಯ ಮುಖ ನೋಡಿದ. ಮತ್ತೆ ಕೂತ. ಚಾಚಿದ ಕೈ ಹಾಗೇ ಇತ್ತು, ಆಮೇಲೆ ಅದು ತಾನಾಗಿ ಕೆಳಗಿಳಿಯಿತು.

"ನಾಳೆ ಬೆಳಗ್ಗೆ ಬಸ್ಸಿಗೆ ಕಳ್ಸಿ" ಎಂದರು ಚಿಕ್ಕವೆಂಕಟಪ್ಪ. "ಮಡಿಲು ತುಂಬೋದು ಗಿಡಿಲು ತುಂಬೋದು ಬೇಡ."

ಹೊಸ್ತಿಲು ದಾಟುವ ಸೊಸೆಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಿಲು ತುಂಬಿ ಕಳಿಸಿದರೆ ಹೋಗಿ ಬಾ ಎಂದ ಹಾಗೆ. ಬರಿ ಮಡಿಲಲ್ಲಿ ಕಳಿಸಿದರೆ ಬರಬೇಡ ಎಂದ ಹಾಗೆ. ಇದು ಆ ಮನೆಯಲ್ಲಿ ಕೂಸಿಗೂ ಗೊತ್ತು.

ಬೆಳಗ್ಗೆ ನಾರಾಯಣಮ್ಮ ಅಕ್ಕಿಯ ಮಡಕೆಗೆ ಕೈಹಾಕಿದಳು. ಆಂಜಿನಮ್ಮ ಅಡ್ಡ ಬಂದಳು. "ಅಣ್ಣ ಬೇಡ ಅಂದವ್ರೆ, ಅತ್ತಿಗೆ."

"ಸರಿ ಕಣಮ್ಮ. ಬರೀ ಮಡಿಲಲ್ಲಿ ಹೋಗೋದು ಅವಳೊಬ್ಳೇ ಅಲ್ಲ ಹಂಗಾದ್ರೆ." ಗೂಟದ ಮೇಲಿದ್ದ ತನ್ನ ಸೀರೆಯೊಂದನ್ನು ಗಂಟು ಕಟ್ಟಿದಳು. "ತೌರಿನ ರಕ್ತ ಅಂದ್ರಲ್ಲ, ಎರಡೂ ಹೋಗ್ತದೆ. ಹುಳ ಇವತ್ತು ನಾಲ್ಕನೇ ಜ್ವರದಿಂದ ಎದ್ದೈತೆ. ನಾಡಿ ಇರೋ ಕೈಗಳು ಎಷ್ಟವೆ ಮನೇಲಿ? ಮೇಯಿಸ್ಕೊಳ್ಳಿ."

ನಾಲ್ಕನೇ ಜ್ವರದಿಂದ ಎದ್ದ ಹುಳ ಗೂಡು ಕಟ್ಟುವ ತನಕ ಹಗಲಿರುಳೂ ತಿನ್ನುತ್ತದೆ. ಸೊಪ್ಪು ಕುಯ್ಯಬೇಕು, ಹೊರಬೇಕು, ಹಾಕಬೇಕು, ಹಿಕ್ಕೆ ತೆಗೆದು ತಟ್ಟೆ ಬದಲಿಸಬೇಕು. ಚಿಕ್ಕವೆಂಕಟಪ್ಪನವರು "ಏ, ಎಲ್ಲೇ ಹೋಗ್ತೀಯಾ?" ಎಂದು ಕೂಗುವಷ್ಟರಲ್ಲಿ ಅತ್ತೆ ಸೊಸೆ ಇಬ್ಬರೂ ಬೀದಿ ತಿರುಗಿದ್ದರು.

ತೊಂಡೇಬಾವಿಯಲ್ಲಿ ತಮ್ಮ ಮುನಿಶಾಮಪ್ಪ ಅಕ್ಕನನ್ನೂ ಮಗಳನ್ನೂ ನೋಡಿ ಮೊದಲು ಗಾಬರಿಯಾದ, ಆಮೇಲೆ ಅತ್ತ, ಆಮೇಲೆ ಕುಡುಗೋಲು ಹುಡುಕಿದ. "ಕುಡುಗೋಲು ಆಮೇಲೆ ಕಣೋ. ನಾಳೆ ಬೆಂಗಳೂರು ರೈಲಿಗೆ ಹೊರಡು" ಎಂದಳು ನಾರಾಯಣಮ್ಮ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಒಂದು ವಾರ ಇಟ್ಟುಕೊಂಡರು. ವಯಸ್ಸಾದ ಡಾಕ್ಟರೊಬ್ಬರು ಎಡಗೈ ನೋಡಿದರು, ಬಲಗೈ ನೋಡಿದರು, ಕತ್ತಿನ ಎರಡು ಪಕ್ಕವೂ ಸ್ಟೆತಾಸ್ಕೋಪು ಇಟ್ಟು ಕೇಳಿದರು. ಶಾಸ್ತ್ರದ ಮಾತು ಎತ್ತಲಿಲ್ಲ.

"ರಕ್ತನಾಳದ ಗೋಡೆಗೇ ಉರಿಯೂತ ಬಂದು ಊದಿಕೊಳ್ಳೋ ಕಾಯಿಲೆ ಇದು. ತೀರ ಅಪರೂಪ. ಹೆಚ್ಚಾಗಿ ವಯಸ್ಸಿನ ಹೆಣ್ಣುಮಕ್ಕಳಿಗೆ ಬರ್ತದೆ. ಎಡತೋಳಿಗೆ ಹೋಗೋ ದೊಡ್ಡ ನಾಳ ಮುಚ್ಚಿಕೊಂಡಿದೆ, ಅದಕ್ಕೆ ನಾಡಿ ಸಿಗಲ್ಲ. ಸಣ್ಣ ನಾಳಗಳಲ್ಲಿ ಸುತ್ತಿಕೊಂಡು ರಕ್ತ ಹೋಗ್ತಾನೇ ಇದೆ."

"ಹಂಗಾದ್ರೆ ಸತ್ತ ಕೈ ಅಲ್ಲ?"

"ಮುಟ್ಟಿ ನೋಡಿ, ಬೆಚ್ಚಗಿದೆ. ಸತ್ತ ಕೈ ಬೆಚ್ಚಗಿರ್ತದೇನಮ್ಮ?"

"ತೌರಿನ ರಕ್ತದಿಂದ ಬಂತಂತೆ. ಹೌದಾ?"

"ಯಾಕೆ ಬರ್ತದೆ ಅಂತ ಯಾರಿಗೂ ಗೊತ್ತಿಲ್ಲ. ಅಂಟುರೋಗ ಅಲ್ಲ, ದೆವ್ವ ಅಲ್ಲ, ಅಷ್ಟು ಗೊತ್ತು." ಡಾಕ್ಟರು ಚೀಟಿ ಬರೆಯತೊಡಗಿದರು. "ಹೊಸ ಮಾತ್ರೆ ಬಂದಿದೆ, ಕೊಡ್ತೀನಿ. ಪುಸ್ತಕದಲ್ಲಿ ಐದು ವರ್ಷ ಬದುಕ್ತಾರೆ ಅಂತ ಬರೆದಿದ್ದಾರೆ. ಆದರೆ ನಾನು ನೋಡಿದ ಹುಡುಗಿಯರೆಲ್ಲ ಕೊನೆಗಳಿಗೇಲಿ ಬಂದವರು. ಬೇಗ ಬಂದು, ಮಾತ್ರೆ ತಗೊಂಡು, ಹೊಟ್ಟೆತುಂಬ ಉಂಡವರು ಎಷ್ಟು ದಿನ ಇರ್ತಾರೋ ನಾನು ಕಂಡಿಲ್ಲ."

ನಾರಾಯಣಮ್ಮನಿಗೆ ಡಾಕ್ಟರ ಮೇಲೂ ಸಿಟ್ಟು ಬಂತು. ಎಲ್ಲರೂ ಹುಡುಗಿಗೆ ಗಡುವು ಕೊಡುವವರೇ! ಆದರೆ ಈ ಮನುಷ್ಯ ಕೊನೆಗೆ ಗೊತ್ತಿಲ್ಲ ಅಂದರಲ್ಲ, ಆ ಒಂದು ಮಾತಿಗೆ ಕೈಮುಗಿದಳು.

ಅವರು ತೊಂಡೇಬಾವಿಗೆ ಹಿಂತಿರುಗಿದ ಮಾರನೇ ದಿನವೇ ವೆಂಕಟರವಣಪ್ಪ ಬಂದ. ಗಡ್ಡ ಬೆಳೆದಿತ್ತು, ಅಂಗಿಯ ತುಂಬ ಸೊಪ್ಪಿನ ಕರೆ. ಮನೆಯಲ್ಲಿ ಹುಳ ಹೊಟ್ಟೆಗಿಲ್ಲದೆ ಅರ್ಧ ಹೋಗಿತ್ತು. ಉಳಿದ ಅರ್ಧ ಹಣ್ಣಾಗಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡುವವರಿಲ್ಲದೆ ತಟ್ಟೆಯಲ್ಲೇ ಅಲ್ಲಿ ಇಲ್ಲಿ ಗೂಡು ಸುತ್ತುತ್ತಿತ್ತು. ಆಂಜಿನಮ್ಮ ಸೊಂಟ ಹಿಡಿದುಕೊಂಡು ಮಲಗಿದ್ದಳು. ಮುದ್ದೆ ಕಟ್ಟುವವರಿಲ್ಲದೆ ಅಪ್ಪ ಮಗ ಅಂಬಲಿ ಕುಡಿಯುತ್ತಿದ್ದರು.

"ಅಪ್ಪ ಕರ್ಕೊಂಡು ಬಾ ಅಂದ್ರಮ್ಮ. ಇಬ್ರನ್ನೂ."

"ಹುಳಕ್ಕೋಸ್ಕರ ಬಂದ್ಯಾ, ಹೆಂಡ್ತಿಗೋಸ್ಕರ ಬಂದ್ಯಾ?"

ಅವನು ಅಂಗಿಯ ಕರೆ ಉಜ್ಜತೊಡಗಿದ. ಮುನಿಶಾಮಪ್ಪ ಎದ್ದು ಆಸ್ಪತ್ರೆಯ ಸಂಗತಿಯನ್ನೆಲ್ಲ ಹೇಳಿದ. ಬಲಗೈಯಲ್ಲಿ ನಾಡಿ ಇದೆಯೆಂದು ಡಾಕ್ಟರೇ ಹೇಳಿದ್ದನ್ನು ಎರಡೆರಡು ಸಲ ಹೇಳಿದ. ವೆಂಕಟರವಣಪ್ಪನ ಮುಖ ಸಡಿಲವಾಯಿತು. ಕಂಬದ ಪಕ್ಕ ನಿಂತಿದ್ದ ಹೆಂಡತಿಯ ಕಡೆ ಎರಡು ಹೆಜ್ಜೆ ಇಟ್ಟ.

"ಬಲಗೈ ಕೊಡು. ನೋಡ್ತೀನಿ."

ಅಷ್ಟು ದಿನವೂ ಅತ್ತೆಯ ಹಿಂದೆ ನಿಂತಿದ್ದ ಸುಬ್ಬಲಕ್ಷ್ಮಿ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬಲಗೈ ಯಾತಕ್ಕೆ? ಅವತ್ತು ಚಾಚಿದ್ದೆ, ಹಿಡೀಲಿಲ್ಲ. ಇವತ್ತು ಡಾಕ್ಟ್ರು ಐತೆ ಅಂದ್ಮೇಲೆ ಹಿಡೀತೀರಾ?" ಎಡಗೈ ಮುಂದೆ ಮಾಡಿದಳು. "ಇದನ್ನ ಹಿಡೀರಿ. ಇದೂ ನಂದೇ. ಈ ಕೈಗೆ ಜಾಗ ಇದ್ರೆ ಆ ಮನೆಗೆ ಬರ್ತೀನಿ. ಇಲ್ದಿದ್ರೆ ಇಷ್ಟೋ ಅಷ್ಟೋ ದಿನ, ನಮ್ಮಪ್ಪನ ಮನೇಲೇ ಇರ್ತೀನಿ."

ನಾರಾಯಣಮ್ಮನೇ ಬೆರಗಾದಳು. ತಾನು ಇಷ್ಟು ದಿನ ಬಲಗೈ ಬಲಗೈ ಎಂದು ಊರೆಲ್ಲ ಕೂಗಿದ್ದಳು. ಎಡಗೈಯ ಪರವಾಗಿ ಒಂದು ಮಾತು ತನಗೂ ಹೊಳೆದಿರಲಿಲ್ಲ.

ವೆಂಕಟರವಣಪ್ಪ ತಂದೆಯ ಮುಖ ನೋಡುವ ಹಾಗಿರಲಿಲ್ಲ, ತಂದೆ ಅಲ್ಲಿರಲಿಲ್ಲ. ನಿಧಾನವಾಗಿ ಕೈಯೆತ್ತಿ ಆ ಮಣಿಕಟ್ಟು ಹಿಡಿದ. ಬಹಳ ಹೊತ್ತು ಹಿಡಿದುಕೊಂಡೇ ಇದ್ದ.

"ಬೆಚ್ಚಗೈತೆ" ಎಂದ.

"ಬೆಚ್ಚಗೈತಂತೆ!" ಎಂದಳು ನಾರಾಯಣಮ್ಮ, ಕಣ್ಣೊರೆಸಿಕೊಳ್ಳುತ್ತ. "ಮೇಷ್ಟ್ರು ಇವತ್ತು ಕಂಡುಹಿಡಿದ್ರು!"

ಸುಬ್ಬಲಕ್ಷ್ಮಿಯ ತಾಯಿ ಆದಿಲಕ್ಷ್ಮಮ್ಮ ಇಬ್ಬರಿಗೂ ಮಡಿಲು ತುಂಬಿದಳು. ಮನೆಗೆ ಬಂದ ದಿನ ಸುಬ್ಬಲಕ್ಷ್ಮಿಯೇ ಎರಡು ಕೈಯಲ್ಲೂ ಮುದ್ದೆ ಕಟ್ಟಿದಳು. ಚಿಕ್ಕವೆಂಕಟಪ್ಪನವರು ತಟ್ಟೆಯ ಮುಂದೆ ಮುದ್ದೆ ಮುಟ್ಟದೆ ಕೂತರು. ನಾರಾಯಣಮ್ಮ ಸಾರಿನ ಸೌಟು ಹಿಡಿದು ಎದುರಿಗೇ ನಿಂತಳು. ಅವರು ಗೊಣಗಿಕೊಂಡೇ ಮುದ್ದೆ ಮುರಿದರು. ಹಸಿವು ಹಾಗಿತ್ತು.

ಪಂಡಿತರು ಹೇಳಿದ ದೀಪಾವಳಿ ಬಂತು, ಹೋಯಿತು. ಪುಸ್ತಕದ ಐದು ವರ್ಷವೂ ಹೋಯಿತು. ಸುಖವಾಗಿಯೇ ಇದ್ದಳೆಂದರೆ ಸುಳ್ಳಾಗುತ್ತದೆ. ತಲೆ ಸುತ್ತುವುದು ನಿಲ್ಲಲಿಲ್ಲ, ಒಂದು ಕಣ್ಣು ಮಂಜಾಯಿತು, ಮಕ್ಕಳಾಗಲಿಲ್ಲ. ಆಂಜಿನಮ್ಮ ಅದನ್ನು ನೆನಪಿಸುವುದನ್ನೂ ಬಿಡಲಿಲ್ಲ. ಆದರೆ ಬೆಳೆಬೆಳೆಗೂ ಹುಳದ ಮನೆಯಲ್ಲಿ ಸುಬ್ಬಲಕ್ಷ್ಮಿ ಇದ್ದಳು. ಮಾತ್ರೆ ಮುಗಿಯುವ ಮೊದಲೇ ವೆಂಕಟರವಣಪ್ಪ ಬೆಂಗಳೂರಿಗೆ ಹೋಗಿ ತರುತ್ತಿದ್ದ.

ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಅದೇ ಆಸ್ಪತ್ರೆಯಲ್ಲಿ ಹೊಸ ಡಾಕ್ಟರೊಬ್ಬರು ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸಿಕೊಂಡು ಸುಬ್ಬಲಕ್ಷ್ಮಿಯನ್ನು ತೋರಿಸಿದರು. ಮೊದಲು ಈ ಕಾಯಿಲೆಯವರು ಬೇಗ ಸಾಯುತ್ತಿದ್ದರು, ಈಗೀಗ ಹೆಚ್ಚು ದಿನ ಬದುಕುವುದು ಕಾಣುತ್ತಿದೆ, ಯಾಕೆಂದು ನೋಡಬೇಕು ಎಂದು ಹುಡುಗರಿಗೆ ವಿವರಿಸಿದರು. ಬೆಂಚಿನ ಮೇಲೆ ಕೂತಿದ್ದ ನಾರಾಯಣಮ್ಮ, ತಲೆಯೆಲ್ಲ ಬೆಳ್ಳಗಾಗಿದ್ದವಳು, ಕೋಲೂರಿ ಎದ್ದಳು.

"ಡಾಕ್ಟ್ರಪ್ಪಾ, ಆ ಸತ್ತೋರ್ನ ಬರ್ಕೊಂಡಿದೀರಲ್ಲ, ಅದರಲ್ಲಿ ಕಾಯಿಲೆಯಿಂದ ಸತ್ತೋರು ಎಷ್ಟು ಜನ, ಬರೀ ಮಡಿಲಲ್ಲಿ ಮನೆಯಿಂದ ಆಚೆ ಹಾಕಿದ್ದಕ್ಕೆ ಸತ್ತೋರು ಎಷ್ಟು ಜನ? ಅದನ್ನ ಬೇರೆಬೇರೆ ಬರ್ದಿದೀರಾ?"

ಹುಡುಗರು ಡಾಕ್ಟರ ಮುಖ ನೋಡಿದರು. ಡಾಕ್ಟರು ಕೈಯಲ್ಲಿದ್ದ ಪೆನ್ನನ್ನು ಜೇಬಿಗೆ ಇಟ್ಟುಕೊಂಡರು.

"ಇಲ್ಲಮ್ಮ" ಎಂದರು. ಆಮೇಲೆ ಸುಬ್ಬಲಕ್ಷ್ಮಿಯ ಮುಂದೆ ಸ್ಟೂಲು ಎಳೆದುಕೊಂಡು ಕೂತು, "ಯಾವ ಕೈ ನೋಡ್ಲಮ್ಮ?" ಎಂದು ಕೇಳಿದರು.

ಸುಬ್ಬಲಕ್ಷ್ಮಿ ಎರಡೂ ಕೈ ಮುಂದಿಟ್ಟಳು.